ಬಡ ಕಣಿವೆಯ ಗಾನಮಂದಿರ

ಅಮೆರಿಕಾ ಸಂಯುಕ್ತ ಸಂಸ್ಥಾನದ ವರ್ಜೀನಿಯಾ ಪ್ರಾಂತದ ನೈಋತ್ಯ ಮೂಲೆಯಲ್ಲಿ ಕ್ಲಿಂಚ್ ಎಂಬ ಪರ್ವತವು ನೀಳವಾದ ಗೋಡೆಯಂತೆ ಹಬ್ಬಿರುವುದು. ಅದರ ಬುಡದಲ್ಲಿರುವ ಕಿರಿದಾದ ತಗ್ಗಿಗೆ ಅಲ್ಲಿಯ ಜನರು ಇಟ್ಟಿರುವ ಹೆಸರು ‘ಬಡ ಕಣಿವೆ’ ಎಂದೇ. ನೋಡತಕ್ಕ ಕೋಟೆಯಾಗಲಿ ಅರಮನೆಯಾಗಲಿ ಇಲ್ಲಿಲ್ಲ. ನಮ್ಮನ್ನು ಹಿಲ್ಟನ್ಸ್ ಗ್ರಾಮದ ಬಳಿಯ ಈ ಎಡೆಗೆ ಎಳೆದು ತಂದುದು, ಮಗಳೊಬ್ಬಳು ತಂದೆಗೆ ಕೊಟ್ಟ ಮಾತಿನ ವೃತ್ತಾಂತ.

ಆ ತಂದೆಯೇ ಎ. ಪಿ. ಕಾರ್ಟರ್. ಬೆಟ್ಟದ ಮನೆಮನೆಗಳನ್ನು ಸುತ್ತಿ ಆತನು ಹಳೆಯ ಹಾಡುಗಳನ್ನು ಕೂಡಿಹಾಕುತ್ತಿದ್ದನು. ಲೆಸ್ಲಿ ರಿಡ್ಲ್ ಎಂಬ ಕರಿಯ ಗಿಟಾರುವಾದಕನು ಜೊತೆಗಿದ್ದು ಧಾಟಿಗಳನ್ನು ನೆನಪಿನಲ್ಲಿರಿಸಿಕೊಳ್ಳುತ್ತಿದ್ದನು. 1927ರ ಆಗಸ್ಟ್‌ನಲ್ಲಿ ಕಾರ್ಟರನೂ, ಹೆಂಡತಿ ಸಾರಾಳೂ, ನಾದಿನಿ ಮೇಬೆಲ್ಲಳೂ ಬ್ರಿಸ್ಟಲ್ ಪಟ್ಟಣಕ್ಕೆ ಹೋಗಿ ಆರು ಹಾಡುಗಳನ್ನು ಗ್ರಾಮಾಫೋನ್ ತಟ್ಟೆಗಳಿಗೆ ಹಾಡಿಕೊಟ್ಟರು. ಹೆಸರು ದೇಶವೆಲ್ಲ ಹಬ್ಬಿತು. ಸಂಸಾರ ಮಾತ್ರ ಒಡೆಯಿತು. ಸಾರಾ ಗಂಡನನ್ನು ಬಿಟ್ಟು ಹೋದಳು. 1943ರ ವೇಳೆಗೆ ಹಾಡಿನ ಮೇಳವೂ ಮುಗಿಯಿತು. ಕಾರ್ಟರನು ಕಣಿವೆಗೆ ಹಿಂದಿರುಗಿ ಅಂಗಡಿಯಿಟ್ಟು ಕಾಲ ಕಳೆದನು.

1923ರಲ್ಲಿ ಹುಟ್ಟಿದ ಮಗಳು ಜಾನೆಟ್ ಎಳೆತನದಲ್ಲಿಯೇ ಆಟೋಹಾರ್ಪ್ ಕಲಿತಿದ್ದಳು. ಚಪ್ಪಟೆಯಾದ ಪೆಟ್ಟಿಗೆಯ ಮೇಲೆ ಹತ್ತಾರು ತಂತಿಗಳನ್ನು ಬಿಗಿದ ವಾದ್ಯವಿದು. ಪಟ್ಟಿಗಳನ್ನು ಒತ್ತಿದರೆ ಬೇಡದ ತಂತಿಗಳು ಮೂಕವಾಗಿ, ಬೇಕಾದ ಸ್ವರಗಳಷ್ಟೇ ಒಟ್ಟಿಗೆ ನುಡಿಯುತ್ತವೆ. 1960ರಲ್ಲಿ ತಂದೆ ಮರಣಶಯ್ಯೆಯಲ್ಲಿದ್ದಾಗ, ಆತನ ಹಾಡಿನ ಕಾಯಕವನ್ನು ಮುಂದುವರಿಸುವೆನೆಂದು ಆಕೆ ಮಾತು ಕೊಟ್ಟಳು. ಮಾತು ಕೊಡುವುದು ಸುಲಭ. ಆದರೆ ಮೂವರು ಮಕ್ಕಳ ತಾಯಿಯಾದ ಈಕೆಯ ಜೀವನಕ್ಕೆ ಆಧಾರವಾದುದು ಶಾಲೆಯ ಅಡುಗೆಯ ಕೆಲಸ. ಶ್ರೀರಾಮನ ವನವಾಸದಷ್ಟು ಕಾಲ, ಹದಿನಾಲ್ಕು ವರ್ಷ, ಆ ಮಾತು ಕಾದುಕೊಂಡಿದ್ದಿತು.

1974ರಲ್ಲಿ ಆಕೆ ತಂದೆಯ ಅಂಗಡಿಯನ್ನೇ ತೆರೆದು ಅಲ್ಲಿ ಹಾಡಿಕೆಯನ್ನು ಆರಂಭಿಸಿದಳು. ಜನರಿಗೆ ಸ್ಥಳ ಸಾಲದಾಯಿತು. ತಮ್ಮನಾದ ಜೋ ಪಕ್ಕದ ಇಳಿಜಾರಿನಲ್ಲಿ ವಿಶಾಲವಾದ ಮಂದಿರವನ್ನು ಕಟ್ಟಿದನು. 1976ರಲ್ಲಿ ‘ಕಾರ್ಟರ್ ಫ್ಯಾಮಿಲಿ ಫೋಲ್ಡ್’ ಸಿದ್ಧವಾಯಿತು. ‘ಫೋಲ್ಡ್’ ಎಂದರೆ ಕುರಿಹಟ್ಟಿ. ವಿದ್ಯುತ್ ಗಿಟಾರುಗಳು ಬೇಡ, ಮದ್ಯ ಕೂಡದು ಎಂಬುದು ಜಾನೆಟ್ಟಳ ಕಟ್ಟುನಿಟ್ಟು. ಬ್ಯಾಂಜೋ, ಪಿಟೀಲುಗಳು ತಮ್ಮ ಸ್ವಂತ ದನಿಯಲ್ಲಿಯೇ ನುಡಿಯಬೇಕು. ಪೇಟೆಯ ರುಚಿಗೆ ಮಣಿದಿದ್ದರೆ ಹಣ ಹೆಚ್ಚು ಬರುತ್ತಿದ್ದೀತು. ಆದರೆ ಆಗ ಉಳಿಯುತ್ತಿದ್ದುದು ತಂದೆಯ ಹಾಡಲ್ಲ.

ಮೇಬೆಲ್ಲಳ ಅಳಿಯನಾದ ಜಗತ್ಪ್ರಸಿದ್ಧ ಗಾಯಕ ಜಾನಿ ಕ್ಯಾಶನು, ಪತ್ನೀವಿಯೋಗದ ದುಃಖದಲ್ಲಿ, 2003ರ ಜುಲೈನಲ್ಲಿ ಕಡೆಯ ಬಾರಿ ಸಭೆಯೆದುರು ಹಾಡಿದುದು ಈ ವೇದಿಕೆಯ ಮೇಲೆಯೇ. 2005ರಲ್ಲಿ ಜಾನೆಟ್ಟಳಿಗೆ ರಾಷ್ಟ್ರೀಯ ಪರಂಪರಾ ಸನ್ಮಾನ ದೊರೆಯಿತು. 2006ರ ಜನವರಿಯಲ್ಲಿ ಆಕೆ ತೀರಿಕೊಂಡಳು. ಮಗಳು ರೀಟಾ ಆ ಹೊಣೆಯನ್ನು ಹೊತ್ತಳು.

ಅಂಗಡಿಯೀಗ ವಸ್ತುಸಂಗ್ರಹಾಲಯ. ಹತ್ತಿರದ ಮೌಂಟ್ ವರ್ನನ್ ಚರ್ಚಿನ ಸ್ಮಶಾನದಲ್ಲಿ ಎ. ಪಿ. ಕಾರ್ಟರನೂ ಸಾರಾಳೂ ಮಲಗಿದ್ದಾರೆ. ಬದುಕಿನಲ್ಲಿ ಅಗಲಿದವರನ್ನು ಮಣ್ಣು ಒಂದೇ ಅಂಗಳಕ್ಕೆ ಕರೆದುಕೊಂಡಿದೆ. ಮಂದಿರದಲ್ಲಾದರೋ ವೇದಿಕೆಯ ಮುಂದಿನ ನೆಲ ಕುಣಿಯುವವರಿಗೇ ಮೀಸಲು. ಅಜ್ಜಿಯರೂ ಮೊಮ್ಮಕ್ಕಳೂ ಅಲ್ಲಿ ಒಟ್ಟಿಗೆ ಹೆಜ್ಜೆ ಹಾಕುವಾಗ, ಅವರ ಬೂಟಿನ ಸದ್ದೇ ತಾಳವಾಗುವುದು. ಕಣಿವೆಯ ಹೆಸರು ಬಡತನದ್ದಾದರೂ, ಮಕ್ಕಳಿಗೆ ಬಿಟ್ಟುಹೋಗತಕ್ಕ ಆಸ್ತಿ ಯಾವುದೆಂಬುದನ್ನು ಶಾಲೆಯ ಅಡುಗೆಯಾಕೆಯೊಬ್ಬಳು ಇಲ್ಲಿ ತಿಳಿದಿದ್ದಳು.