ಕಾರೈಕುಡಿಯ ಕಂಬ

ನಮ್ಮಕ್ಕ ಇಂಟೀರಿಯರ್ ಡಿಸೈನರ್. ಅವಳ ಜೊತೆ ಊರು ನೋಡೋಕೆ ಹೋದ್ರೆ ದೇವಸ್ಥಾನದಲ್ಲೂ ದೇವರನ್ನ ಬಿಟ್ಟು ನೆಲ ನೋಡ್ತಾಳೆ ಮಾರಾಯ್ರೆ! ಆಫೀಸಿಗೆ ನಾಲ್ಕು ದಿನ ರಜೆ ಹಾಕಿ ಅವಳ ಹಿಂದೆ ತಮಿಳುನಾಡಿನ ಚೆಟ್ಟಿನಾಡಿಗೆ ಹೋಗಿದ್ದೆ.

ಆತ್ತಂಗುಡಿಯಲ್ಲಿ ಟೈಲ್ಸ್ ಮಾಡೋದು ನೋಡಿದ್ವಿ. ಗಾಜಿನ ಮೇಲೆ ಅಚ್ಚು ಇಟ್ಟು, ಬಣ್ಣದ ಸಿಮೆಂಟ್ ಕೈಯಲ್ಲೇ ಸುರಿದು, ಮೇಲೆ ಮರಳು-ಸಿಮೆಂಟ್ ತುಂಬಿ, ಆಮೇಲೆ ನೀರಲ್ಲಿ ನೆನೆಹಾಕ್ತಾರೆ. ಸುಡೋದೇ ಇಲ್ಲ! ಹೊಳಪು ಬರೋದು ಆ ಗಾಜಿನಿಂದ. ಅಕ್ಕ ಅಲ್ಲಿಂದ ಏಳಲೇ ಇಲ್ಲ. ನಂಗೋ ಹಸಿವು...

ಕಾರೈಕುಡಿಯ ಹಳೇ ಸಾಮಾನಿನ ಬೀದಿಯಲ್ಲಿ, ಕೆಡವಿದ ಮನೆಗಳ ಬಾಗಿಲು, ಬರ್ಮಾ ತೇಗದ ಕಂಬಗಳು. ಬೆಂಗಳೂರಿನ ಗಿರಾಕಿಯೊಬ್ಬರ ಫ್ಲಾಟಿಗೆ ಎರಡು ಕಂಬ ಬೇಕಿತ್ತು. ರೇಟೂ ಕುದುರಿತ್ತು. ಅಷ್ಟರಲ್ಲಿ ಒಂದು ಕಂಬದ ಮೇಲೆ ಚಾಕುವಿನ ಗೀಟುಗಳು ಕಂಡವು, ಒಂದರ ಮೇಲೊಂದು. ತೀರ್ಥಹಳ್ಳಿ ಮನೆಯ ಜಗಲಿ ಕಂಬದಲ್ಲಿ ಅಜ್ಜ ಹೀಗೇ ನಮ್ಮಿಬ್ಬರ ಎತ್ತರ ಗುರುತು ಮಾಡ್ತಿದ್ರು. ಮನೆ ಪಾಲಾದಾಗ ಆ ಕಂಬ ಯಾರು ಒಯ್ದರೋ.

ಅಕ್ಕ ಗೀಟುಗಳ ಮೇಲೆ ಬೆರಳಾಡಿಸ್ತಾ ನಿಂತಳು.

"ಪಾಲಿಶ್ ಹೊಡೆದು ಅಳಿಸಿಕೊಡ್ತೀನಿ ಮೇಡಂ" ಅಂದ ಅಂಗಡಿಯವನು.

"ಬೇಡ. ಬೇರೆ ತೋರಿಸಿ" ಅಂದಳು ಹರಕು ತಮಿಳಲ್ಲಿ.