ಬೋರ್ಡಿನ ಮೇಲಿನ ಹೆಸರು

ನಮ್ಮೂರು ಬೇಮಳಖೇಡ. ಬೀದರ್ ಜಿಲ್ಲೆ, ತೆಲಂಗಾಣ ಗಡಿಗೆ ಹತ್ತಿರ. ನಮಗೆ ಬೆಂಗಳೂರಿಗಿಂತ ಹೈದರಾಬಾದೇ ಸಮೀಪ. 1956ರ ತನಕ ನಮ್ಮ ಜಿಲ್ಲೆ ಇದ್ದದ್ದೂ ಹೈದರಾಬಾದ್ ರಾಜ್ಯದಲ್ಲೇ. ಅದಕ್ಕೇ ಎರಡು ವರ್ಷದ ಹಿಂದೆ ನಮ್ಮಣ್ಣ ಅಲ್ಲಿ ಜೋಳದ ರೊಟ್ಟಿ ಖಾನಾವಳಿ ಹಾಕಿದಾಗ ಮನೆಯಲ್ಲಿ ಎಲ್ಲರಿಗೂ ಧೈರ್ಯ ಇತ್ತು. ಭಾಷೆ ಬರ್ತದ, ಅವ್ವ ಅಡುಗೆ ಕಲಿಸ್ಯಾಳ, ಇನ್ನೇನು ಬೇಕು? ಎಂಟೇ ತಿಂಗಳಿಗೆ ಬಂದ್ ಆಯ್ತು. ಸಾಲ ಇನ್ನೂ ತೀರಿಲ್ಲ.

ಅದೇ ರಸ್ತೆಯ ಉಡುಪಿ ಹೋಟೆಲ್ ಮಾತ್ರ ಬೆಳಿಗ್ಗೆಯೇ ತುಂಬಿರ್ತಿತ್ತು. "ಅವ್ರ ರಕ್ತದಾಗೇ ಧಂದೆ ಅದ, ನಮ್ಮ ಕೈಲಿ ಆಗಂಗಿಲ್ಲ ಬಿಡ್ರಿ" ಅಂದ್ರು ಕಾಕಾ. ನಾವೂ ಹೌದು ಅಂದ್ಕೊಂಡ್ವಿ. ಆಮೇಲೆ ಉಡುಪಿ ಹೋಟೆಲಿನವರ ಬಗ್ಗೆ ಓದಿದಾಗ ಆ ಮಾತು ತಪ್ಪು ಅನ್ನಿಸ್ತು.

ಕರಾವಳಿ ಬಿಟ್ಟು ಹೊರಟಾಗ ಅವರಲ್ಲಿ ಎಷ್ಟೋ ಜನ ಮಾಲೀಕರಾಗಿರಲಿಲ್ಲ. ಮುಂಬೈಯ ಮಾಟುಂಗಾದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಎ. ರಾಮ ನಾಯಕ್ ಚಿಕ್ಕ ವಯಸ್ಸಿನಲ್ಲೇ ಆ ಊರಿಗೆ ಬಂದು ಅಡುಗೆಮನೆ ಕೆಲಸದಿಂದ ಶುರು ಮಾಡಿದವರು. ಊರಿಂದ ಬಂದ ಹುಡುಗ ಮೊದಲು ಊರವರ ಹೋಟೆಲಿನಲ್ಲಿ ಲೋಟ ತೊಳೀತಾನೆ, ಆಮೇಲೆ ಸಪ್ಲೈಯರ್, ಆಮೇಲೆ ಗಲ್ಲಾ. ಊಟ, ಮಲಗೋ ಜಾಗ ಅಲ್ಲೇ. ಮುಂಬೈಯಲ್ಲಿ ಇಂಥ ಹುಡುಗರು ಓದೋಕೆ ಕನ್ನಡದ ರಾತ್ರಿ ಶಾಲೆಗಳೂ ಇದ್ದವು. ಸ್ವಂತ ಹೋಟೆಲ್ ಹಾಕೋ ಹೊತ್ತಿಗೆ ಹಾಲು ಎಲ್ಲಿಂದ, ಸಾಮಾನು ಉದ್ರಿ ಯಾರು ಕೊಡ್ತಾರೆ, ಎಲ್ಲಾ ಗೊತ್ತಾಗಿರ್ತದೆ. ನಾವು ಇದನ್ನೇ ಇಂಟರ್ನ್‌ಶಿಪ್, ನೆಟ್‌ವರ್ಕ್, ಫಂಡಿಂಗ್ ಅಂತೀವಿ. ಅವರು 'ನಮ್ಮೂರ ಹುಡುಗ' ಅಂದ್ರು, ಅಷ್ಟೇ. ಅಣ್ಣನಿಗೆ ಹಾಗೆ ಅನ್ನೋರು ಆ ಊರಲ್ಲಿ ಯಾರೂ ಇರಲಿಲ್ಲ.

ಆದ್ರೆ ಇನ್ನೊಂದು ಮಾತೂ ಇದೆ. 1924ರಲ್ಲಿ ಉಡುಪಿ ಕಡೆಯ ಮಯ್ಯ ಸಹೋದರರು ಬೆಂಗಳೂರಲ್ಲಿ ಶುರು ಮಾಡಿದ ಎಂಟಿಆರ್‌ಗೆ ಮೊದಲಿದ್ದ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಅಡುಗೆ ಮಾಡಿದವರು ಯಾರು ಅಂತ ಕೇಳಿ ಜನ ಊಟಕ್ಕೆ ಕೂರ್ತಿದ್ದ ಕಾಲ ಅದು. ಬೋರ್ಡಿನ ಮೇಲಿನ ಜಾತಿಯೇ ಗ್ಯಾರಂಟಿ. ನಮ್ಮ ಕಡೆಯ 'ಲಿಂಗಾಯತ ಖಾನಾವಳಿ' ಬೋರ್ಡೂ ಮಾಡೋದು ಅದೇ ಕೆಲಸ. ಅಂಥ ಹೆಸರು ಹಾಕೋಕೆ ಆಗದವರು ಅಷ್ಟೇ ರುಚಿಯಾಗಿ ಮಾಡಿದ್ರೂ ಗಿರಾಕಿ ಬರ್ತಿದ್ರಾ? ಒಬ್ಬರನ್ನ ಮೇಲೆತ್ತಿದ ನಂಟೇ ಇನ್ನೊಬ್ಬರಿಗೆ ಬಾಗಿಲು ಹಾಕ್ತದೆ. ಯಾವ ಕಾಯಕವೂ ಕೀಳಲ್ಲ ಅಂತ ಶರಣರು ಹೇಳಿದ ಬಸವಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ. ಆದ್ರೂ ಈ ಪ್ರಶ್ನೆ ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಅಣ್ಣ ಈಗ ಹೈದರಾಬಾದಿನಲ್ಲೇ ಬೇರೆಯವರ ಮೆಸ್‌ನಲ್ಲಿ ಕೆಲಸಕ್ಕಿದ್ದಾನೆ. ಮೊನ್ನೆ ಫೋನ್ ಮಾಡಿ, "ನಸುಕಿನಾಗ ಹೋದ್ರ ಕಾಯಿಪಲ್ಲೆ ಎಷ್ಟು ಅಗ್ಗ ಸಿಗ್ತದ ಗೊತ್ತೇನು? ಇದು ಆಗ ಗೊತ್ತಿದ್ರ!" ಅಂದ. ಊರಲ್ಲಿ ಕೆಲಸ ಹುಡುಕ್ತಿರೋ ಹುಡುಗರಿದ್ರೆ ಕಳಿಸು ಅಂತ ಅವ್ವನಿಗೂ ಹೇಳಿದ. ಯಾರ ಪೈಕಿ ಹುಡುಗ ಇರಬೇಕು ಅಂತ ಅವ್ವ ಕೇಳಿದ್ಳು.

"ಬೇಮಳಖೇಡದಂವ ಇದ್ರ ಸಾಕು" ಅಂದ.