ಕೊಡಲಿ ಕಾಪಾಡಿದ ಕಾಡು

ಇಂಗ್ಲೆಂಡನ್ನು ನೋಡಲು ಹೋದವರು ಲಂಡನ್ನಿನ ಗೋಪುರವನ್ನೂ ಥೇಮ್ಸ್ ನದಿಯ ಸೇತುವೆಗಳನ್ನೂ ನೋಡುತ್ತಾರೆ. ಬಿಡುವಿದ್ದರೆ ಆಕ್ಸ್‌ಫರ್ಡಿಗೋ ಷೇಕ್ಸ್‌ಪಿಯರನ ಹುಟ್ಟೂರಿಗೋ ಒಂದು ದಿನ ಹೋಗಿಬರುತ್ತಾರೆ. ಅಷ್ಟರಲ್ಲಿ ರಜೆ ತೀರಿರುತ್ತದೆ. ಆ ದೇಶದಲ್ಲಿ ಕಾಡನ್ನು ನೋಡಲು ಹೋಗಬೇಕೆಂಬ ಯೋಚನೆ ಬರುವುದು ಅಪರೂಪ. ಬಂದರೂ, ಆಗುಂಬೆಯ ಮಳೆಕಾಡನ್ನೋ ನಾಗರಹೊಳೆಯನ್ನೋ ಬಲ್ಲ ಕನ್ನಡಿಗನಿಗೆ ಅಲ್ಲಿನ ಕಾಡು ಕಾಡೆನಿಸುವುದು ಕಷ್ಟ. ಹುಲಿಯಿಲ್ಲ, ಆನೆಯಿಲ್ಲ, ದಾರಿ ತಪ್ಪುವ ಭಯವೂ ಹೆಚ್ಚಿಲ್ಲ. ಒಂದು ಬದಿಯಿಂದ ಹೊಕ್ಕವನು ಅರ್ಧ ಗಂಟೆ ನಡೆದರೆ ಮತ್ತೊಂದು ಬದಿಯ ಹೊಲಕ್ಕೆ ಬಂದುಬಿಡುತ್ತಾನೆ.

ಆದರೂ ಸಫೋಕ್ ಪ್ರಾಂತದ ಬ್ರಾಡ್‌ಫೀಲ್ಡ್ ವುಡ್ಸ್ ಎಂಬ ಸಣ್ಣ ಕಾಡಿಗೆ ಹೋಗಿಬಂದವನು ಬೇಗನೆ ಅದನ್ನು ಮರೆಯಲಾರ. ಅದರ ವಿಸ್ತಾರ ಸುಮಾರು 200 ಎಕರೆ, ಅಷ್ಟೆ. ಆದರೆ ಆ ಕಾಡನ್ನು ಸರದಿಯ ಪ್ರಕಾರ ಕಡಿಯುತ್ತ ಬಂದುದಕ್ಕೆ 1252ರಿಂದ ಲಿಖಿತ ಆಧಾರವುಂಟು. ಏಳೂವರೆ ಶತಮಾನಗಳಿಗೂ ಮಿಕ್ಕಿ ಕೊಡಲಿಗೆ ಈಡಾದ ಕಾಡು ಇನ್ನೂ ಹೇಗೆ ಉಳಿಯಿತು? ಕೊಡಲಿಯೇ ಅದನ್ನು ಉಳಿಸಿತು ಎಂಬುದು ಆ ಪ್ರಶ್ನೆಗೆ ಉತ್ತರ.

ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಿಂದ ಹೊರಟು, ನಡುವೆ ಒಮ್ಮೆ ಗಾಡಿ ಬದಲಾಯಿಸಿ, ಸುಮಾರು ಎರಡು ಗಂಟೆಗಳಲ್ಲಿ ಬೆರಿ ಸೇಂಟ್ ಎಡ್ಮಂಡ್ಸ್ ಎಂಬ ಪಟ್ಟಣವನ್ನು ಸೇರಬಹುದು. ಬೆಟ್ಟಗಳಿಲ್ಲದ ನಾಡು ಅದು. ನೆಲ ಎಲ್ಲೋ ಸ್ವಲ್ಪ ಉಬ್ಬಿ, ಎಲ್ಲೋ ಸ್ವಲ್ಪ ತಗ್ಗಿ, ಮಿಕ್ಕಂತೆ ಆಕಾಶವೇ ಹೆಚ್ಚಾಗಿ ಕಾಣುತ್ತದೆ. ಗೋಧಿ, ಬಾರ್ಲಿ, ಬೀಟಿನ ಹೊಲಗಳು. ಅವುಗಳ ಅಂಚಿಗೆ ಮುಳ್ಳುಗಿಡಗಳ ಜೀವಂತ ಬೇಲಿ. ಪಟ್ಟಣದ ಪಕ್ಕದಲ್ಲಿ 1925ರಲ್ಲಿ ಆರಂಭವಾದ ದೊಡ್ಡ ಸಕ್ಕರೆ ಕಾರ್ಖಾನೆಯಿದೆ. ಚಳಿಗಾಲದಲ್ಲಿ ಬೀಟು ಅರೆಯುವಾಗ ಅದರ ಬಿಳಿಯ ಹಬೆ ಬಹುದೂರದವರೆಗೂ ಕಾಣಬರುತ್ತದೆ. ತೊರೆಗಳ ಬದಿಯಲ್ಲಿ ಅಲ್ಲಲ್ಲಿ ಸಾಲಾಗಿ ನೆಟ್ಟ ವಿಲೋ ಮರಗಳನ್ನು ಕಂಡರೆ ಮಕ್ಕಳು ಸಂತೋಷಪಡಬಹುದು. ಸಫೋಕ್ ಮತ್ತು ನೆರೆಯ ಎಸೆಕ್ಸ್ ಪ್ರಾಂತಗಳು ಕ್ರಿಕೆಟ್ ಬ್ಯಾಟಿನ ಮರಕ್ಕೆ ಹೆಸರಾದವು. ಇಂಗ್ಲಿಷ್ ವಿಲೋ ಎಂದು ಭಾರತದ ಅಂಗಡಿಗಳಲ್ಲಿ ಹೆಚ್ಚಿನ ಬೆಲೆಗೆ ಮಾರುವ ಬ್ಯಾಟಿನ ತವರು ಇಂಥ ತೊರೆಯ ದಂಡೆಯೇ.

ಬೆರಿ ಪಟ್ಟಣದ ನಡುವೆ ಒಂದು ಉದ್ಯಾನ. ಹೂಪಾತಿಗಳ ಆಚೆ, ಹುಲ್ಲುಹಾಸಿನ ಮೇಲೆ, ಕಲ್ಲಿನ ಭಾರಿ ಮೊಂಡು ಗೋಡೆಗಳು ನಿಂತಿವೆ. ಒಂದು ಕಾಲದಲ್ಲಿ ಇಂಗ್ಲೆಂಡಿನ ಅತ್ಯಂತ ಶ್ರೀಮಂತ ಮಠಗಳಲ್ಲಿ ಒಂದಾಗಿದ್ದ ಸೇಂಟ್ ಎಡ್ಮಂಡನ ಮಠದ ಅವಶೇಷಗಳು ಅವು. 869ರಲ್ಲಿ ಡೇನರ ಕೈಯಲ್ಲಿ ಮಡಿದ ರಾಜ ಎಡ್ಮಂಡನನ್ನು ಜನರು ಸಂತನೆಂದು ಪೂಜಿಸಿದರು. 1020ರಲ್ಲಿ ಅವನ ಸಮಾಧಿಯ ಸ್ಥಳದಲ್ಲಿ ಮಠವನ್ನು ಸ್ಥಾಪಿಸಿದವನು ಡೇನರ ಕುಲದವನೇ ಆದ ಕನ್ಯೂಟ್ ದೊರೆ. ಸುತ್ತಲಿನ ಊರು, ಹೊಲ, ಕಾಡುಗಳೆಲ್ಲ ಕ್ರಮೇಣ ಮಠದ ಸ್ವತ್ತಾದುವು. ಬ್ರಾಡ್‌ಫೀಲ್ಡಿನ ಕಾಡಿನ ಒಂದು ಭಾಗಕ್ಕೆ ಇಂದಿಗೂ ‘ಸಂನ್ಯಾಸಿಗಳ ಉಪವನ’ ಎಂಬ ಅರ್ಥದ ಮಂಕ್ಸ್ ಪಾರ್ಕ್ ಎಂದೇ ಹೆಸರು. 1539ರಲ್ಲಿ ಎಂಟನೆಯ ಹೆನ್ರಿಯ ಆಜ್ಞೆಯಂತೆ ಮಠ ಮುಚ್ಚಿತು. ಅದರ ಕಲ್ಲುಗಳನ್ನು ಜನರು ತಮ್ಮ ಮನೆ ಕಟ್ಟಲು ಹೊತ್ತೊಯ್ದರು. ಕಲ್ಲಿನ ಮಠ ಕುಸಿಯಿತು. ಅದರ ಹಸಿರು ಕಾಡು ಇನ್ನೂ ನಿಂತಿದೆ.

ಪಟ್ಟಣದಿಂದ ಆಗ್ನೇಯಕ್ಕೆ ಕೆಲವು ಮೈಲಿ ಹೋದರೆ ಕಾಡು. ದಾರಿಯುದ್ದಕ್ಕೂ ಚಿಕ್ಕ ಚಿಕ್ಕ ಹಳ್ಳಿಗಳು. ಹುಲ್ಲು ಹೊದಿಸಿದ ಕಡಿದಾದ ಛಾವಣಿ, ತಿಳಿ ಗುಲಾಬಿ ಬಣ್ಣ ಬಳಿದ ಗೋಡೆ. ಈ ಬಣ್ಣಕ್ಕೆ ಆ ಪ್ರಾಂತದ ಹೆಸರೇ ಅಂಟಿಕೊಂಡಿದೆ. ಬ್ರಾಡ್‌ಫೀಲ್ಡ್ ಎಂಬ ಹೆಸರಿನ ಊರುಗಳು ಮೂರು. ಅವುಗಳಲ್ಲಿ ಒಂದನ್ನು ‘ಸುಟ್ಟ ಬ್ರಾಡ್‌ಫೀಲ್ಡ್’ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. 1327ರಲ್ಲಿ ಮಠದ ವಿರುದ್ಧ ಜನ ದಂಗೆ ಎದ್ದಾಗ ಅಲ್ಲಿನ ಬಂಗಲೆಗೆ ಬೆಂಕಿ ಬಿದ್ದುದೇ ಈ ಹೆಸರಿಗೆ ಕಾರಣವಂತೆ.

ಕಾಡನ್ನು ಹೊಗುವ ಮುನ್ನ ಒಂದು ಮಣ್ಣಿನ ದಿಂಡೂ ಅದರ ಹೊರಗೊಂದು ಕಂದಕವೂ ಅಡ್ಡ ಬರುತ್ತವೆ. ಅವಸರದ ಪ್ರವಾಸಿ ಅದನ್ನು ಗಮನಿಸದೆ ದಾಟಿಬಿಡುತ್ತಾನೆ. ಆದರೆ ಆ ದಿಂಡು ಮಧ್ಯಯುಗದ್ದು. ಕಾಡಿನ ಎಲ್ಲೆ ಇಲ್ಲಿಯವರೆಗೆ ಎಂದು ತೋರಿಸುವುದಕ್ಕೂ, ಎಳೆಯ ಚಿಗುರನ್ನು ದನಕರುಗಳು ಮೇಯದಂತೆ ತಡೆಯುವುದಕ್ಕೂ ಅದನ್ನು ಹಾಕಿದ್ದರು. ಒಳಗೆ ಕಾಲಿಟ್ಟರೆ ಜಿಗುಟಾದ ಎರೆಮಣ್ಣು. ಮಳೆಗಾಲವೆಂದು ಬೇರೆಯಾಗಿಲ್ಲದ ಆ ನಾಡಿನಲ್ಲಿ ಬೂಟು ಹೂತುಹೋಗದ ದಿನಗಳು ಕಡಿಮೆ.

ಅಲ್ಲಿನ ಮರಗಳ ರೂಪ ಮೊದಲ ನೋಟಕ್ಕೆ ವಿಚಿತ್ರವಾಗಿ ತೋರುತ್ತದೆ. ಒಂದೇ ಕಾಂಡದ ಮರಗಳು ಕಡಿಮೆ. ನೆಲಮಟ್ಟದ ಮೋಟಿನಿಂದ ಹತ್ತು, ಹದಿನೈದು, ಇಪ್ಪತ್ತು ನೀಳವಾದ ಗಳುಗಳು ಒಟ್ಟಿಗೆ ಎದ್ದು ನಿಂತಿರುತ್ತವೆ. ಆಶ್, ಹೇಜಲ್, ಆಲ್ಡರ್, ಬರ್ಚ್ ಜಾತಿಯ ಮರಗಳನ್ನು ಬುಡಕ್ಕೆ ಕಡಿದರೆ ಅವು ಸಾಯುವುದಿಲ್ಲ. ಮುಂದಿನ ವಸಂತದಲ್ಲಿ ಮೋಟಿನ ಸುತ್ತ ಚಿಗುರೊಡೆಯುತ್ತವೆ. ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ಆ ಚಿಗುರುಗಳು ಬಲಿತ ಗಳುಗಳಾಗುತ್ತವೆ. ಮತ್ತೆ ಕಡಿಯುವುದು, ಮತ್ತೆ ಚಿಗುರುವುದು. ಕಬ್ಬಿನ ಕೂಳೆ ಬೆಳೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೂಳೆ ಕಬ್ಬು ಕೆಲವು ವರ್ಷಗಳಲ್ಲಿ ಸೊರಗುತ್ತದೆ. ಕೂಳೆ ಮರವಾದರೋ ಶತಮಾನಗಳವರೆಗೆ ಫಲ ಕೊಡುತ್ತದೆ. ಇಂಗ್ಲಿಷರು ಈ ಪದ್ಧತಿಯನ್ನು ಕಾಪಿಸ್ ಎನ್ನುತ್ತಾರೆ. ನಡುನಡುವೆ ಓಕ್ ಮರಗಳನ್ನು ಮಾತ್ರ ಕಡಿಯದೆ ಎತ್ತರಕ್ಕೆ ಬೆಳೆಯಬಿಡುತ್ತಾರೆ. ಗಳು ಮತ್ತು ಸೌದೆ ಕೆಳಗಿನ ಬೆಳೆ. ತೊಲೆ ಮತ್ತು ಮೋಪು ಮೇಲಿನ ಬೆಳೆ.

ಕಡಿಯದೆ ಬಿಟ್ಟ ಆಶ್ ಮರದ ಆಯುಸ್ಸು ಸಾಮಾನ್ಯವಾಗಿ ಎರಡು ಮೂರು ಶತಮಾನ. ಆದರೆ ಬ್ರಾಡ್‌ಫೀಲ್ಡಿನಲ್ಲಿ ಮತ್ತೆ ಮತ್ತೆ ಕಡಿಸಿಕೊಂಡ ಒಂದು ಆಶ್ ಮೋಟಿದೆ. ಒಳಗೆಲ್ಲ ಪೊಳ್ಳಾಗಿ ಉಂಗುರದಂತೆ ಹಬ್ಬಿರುವ ಅದರ ಅಗಲ 18 ಅಡಿಗೂ ಹೆಚ್ಚು. ಇಂಗ್ಲೆಂಡಿನ ಕಾಡುಗಳ ಇತಿಹಾಸವನ್ನು ಜೀವನವಿಡೀ ಸಂಶೋಧಿಸಿದ ಕೇಂಬ್ರಿಜ್ ವಿದ್ವಾಂಸ ಆಲಿವರ್ ರ್‍ಯಾಕಮ್ ಅವರು ಅದರ ವಯಸ್ಸು ಕಡಿಮೆಯೆಂದರೂ ಸಾವಿರ ವರ್ಷವೆಂದು ಅಂದಾಜು ಮಾಡಿದ್ದರು. ಹಾಗಿದ್ದರೆ ಕನ್ಯೂಟ್ ದೊರೆ ಮಠಕ್ಕೆ ಅಡಿಗಲ್ಲು ಇಟ್ಟಾಗಲೇ ಈ ಬುಡ ಇಲ್ಲಿ ಚಿಗುರುತ್ತಿದ್ದಿರಬೇಕು.

ಕಡಿಯುವ ಕೆಲಸ ನಡೆಯುವುದು ಚಳಿಗಾಲದಲ್ಲಿ. ಪ್ರತಿವರ್ಷ ಒಂದೊಂದು ತುಂಡನ್ನು ಸರದಿಯ ಪ್ರಕಾರ ಬೋಳಿಸುತ್ತಾರೆ. ಆಗ ನೋಡಿದವರಿಗೆ ಕಾಡಿಗೆ ಕೇಡು ಬಂತೆಂದೇ ಅನಿಸುತ್ತದೆ. ಆದರೆ ಎರಡನೆಯ ವಸಂತದ ಹೊತ್ತಿಗೆ ಅಲ್ಲಿಗೆ ಹೋಗಿ ನೋಡಬೇಕು. ವರ್ಷಗಟ್ಟಲೆ ನೆರಳಿನಲ್ಲಿ ಮಂಕಾಗಿದ್ದ ಗಿಡಗಳ ಮೇಲೆ ಬಿಸಿಲು ಬಿದ್ದು ನೆಲವೆಲ್ಲ ಹೂವಾಗಿರುತ್ತದೆ: ಬಿಳಿಯ ಅನಿಮೋನ್, ತಿಳಿಹಳದಿಯ ಪ್ರಿಮ್‌ರೋಸ್, ನೀಲಿಯ ಬ್ಲೂಬೆಲ್. ಇವುಗಳ ನಡುವೆ ತಲೆ ಬಾಗಿಸಿ ನಿಂತ ಆಕ್ಸ್‌ಲಿಪ್ ಎಂಬ ಹಳದಿ ಹೂವು ಬ್ರಿಟನ್ನಿನಲ್ಲಿ ಈ ಮೂಲೆಯನ್ನು ಬಿಟ್ಟರೆ ಬೇರೆಡೆ ಬಲು ವಿರಳ. ಐದಾರು ವರ್ಷ ಕಳೆದು ಚಿಗುರು ದಟ್ಟವಾದ ಪೊದೆಯಾದಾಗ ನೈಟಿಂಗೇಲ್ ಹಕ್ಕಿಗೆ ಅದು ಮೆಚ್ಚಿನ ಬೀಡು. ಆಫ್ರಿಕದಿಂದ ಏಪ್ರಿಲ್ ನಡುವೆ ಹಾರಿಬರುವ ಈ ಗಾಯಕ ಹಕ್ಕಿ ಇಂಗ್ಲೆಂಡಿನಲ್ಲಿ 1960ರ ದಶಕದಿಂದೀಚೆಗೆ ಹತ್ತರಲ್ಲಿ ಒಂಬತ್ತು ಪಾಲು ಕಡಿಮೆಯಾಗಿದೆ. ಇಂಥ ಎಳೆಯ ಪೊದೆಗಳು ಕಾಡುಗಳಲ್ಲಿ ಇಲ್ಲವಾದುದೂ ಅದಕ್ಕೊಂದು ಕಾರಣ. ಇನ್ನೂ ಬಲಿತ ತುಂಡಿನಲ್ಲಿ ಹೇಜಲ್ ಕಾಯಿ ಬಿಡುತ್ತದೆ. ಅದನ್ನು ತಿಂದು ಕೊಬ್ಬಿ, ಚಳಿಗಾಲವಿಡೀ ಉಂಡೆಯಾಗಿ ನಿದ್ರಿಸುವ ಡಾರ್‌ಮೌಸ್ ಎಂಬ ಹೊಂಬಣ್ಣದ ಪುಟ್ಟ ಪ್ರಾಣಿ ಅಲ್ಲಿ ವಾಸಿಸುತ್ತದೆ. ಹೀಗೆ ಒಂದೇ ಕಾಡಿನೊಳಗೆ ಬೇರೆ ಬೇರೆ ವಯಸ್ಸಿನ ಹಲವು ಕಾಡುಗಳಿವೆ.

ಕಡಿದ ಗಳುಗಳು ಎಲ್ಲಿಗೆ ಹೋಗುತ್ತಿದ್ದುವು? ಕಾಡಿನಿಂದ ಕೆಲವು ಮೈಲಿ ದಕ್ಷಿಣಕ್ಕಿರುವ ಲ್ಯಾವೆನ್‌ಹ್ಯಾಮ್ ಊರಿಗೆ ಹೋದರೆ ಉತ್ತರ ಕಣ್ಣಿಗೇ ಕಾಣುತ್ತದೆ. ಉಣ್ಣೆಬಟ್ಟೆಯ ವ್ಯಾಪಾರದಿಂದ 16ನೆಯ ಶತಮಾನದ ಆರಂಭದಲ್ಲಿ ಅದು ಇಂಗ್ಲೆಂಡಿನ ಸಿರಿವಂತ ಊರುಗಳ ಸಾಲಿನಲ್ಲಿತ್ತು. ಮುಂದೆ ವ್ಯಾಪಾರ ಕುಸಿದು, ಹೊಸ ಮನೆ ಕಟ್ಟಲು ಹಣವಿಲ್ಲದೆ, ಹಳೆಯ ಮನೆಗಳು ಹಾಗೆಯೇ ಉಳಿದುವು. ಬಡತನ ಕಾಪಾಡಿದ ಸೊಬಗು ಅದು. ಬೀದಿಯ ಇಕ್ಕೆಲಗಳಲ್ಲೂ ವಾಲಿ ನಿಂತ ಮನೆಗಳ ಕಂಬ, ತೊಲೆಗಳು ಓಕಿನವು. ಕಂಬಗಳ ನಡುವಣ ಗೋಡೆ ಹೇಜಲ್ ಮೊದಲಾದ ಗಳುಗಳ ತಡಿಕೆ ಕಟ್ಟಿ ಮಣ್ಣು ಮೆತ್ತಿದ್ದು. ಹಳ್ಳಿಗಳಲ್ಲಿ ಛಾವಣಿಯ ಹುಲ್ಲನ್ನು ಹಿಡಿದಿಡುವ ಮೊಳೆಗಳೂ ಹೇಜಲ್ ಸೀಳುಗಳೇ. ಆ ಸೀಮೆಯ ಜನರು ತಮ್ಮ ಕಾಡಿನೊಳಗೇ ಮನೆ ಮಾಡಿಕೊಂಡಿದ್ದರೆಂದರೂ ತಪ್ಪಾಗದು.

ಆಶ್ ಮರ ಗಟ್ಟಿ. ಆದರೆ ಪೆಟ್ಟು ಬಿದ್ದರೆ ಬಳುಕುತ್ತದೆ, ಮುರಿಯುವುದಿಲ್ಲ. ಆದುದರಿಂದ ಉಪಕರಣಗಳ ಹಿಡಿಗೆ ಅದನ್ನು ಮೀರಿಸಿದ್ದಿಲ್ಲ. ಕಾಡಿಗೆ ಸಮೀಪದ ಲಿಟಲ್ ವೆಲ್ನೆತಮ್ ಎಂಬ ಹಳ್ಳಿಯಲ್ಲಿ, ಒಣಹುಲ್ಲನ್ನು ಗೋರುವ ಮರದ ಹಲುಬೆಗಳನ್ನು ತಯಾರಿಸುವ ಒಂದು ಕಾರ್ಖಾನೆ 20ನೆಯ ಶತಮಾನದಲ್ಲೂ ನಡೆಯುತ್ತಿತ್ತು. ಅದಕ್ಕೆ ಗಳು ಹೋಗುತ್ತಿದ್ದುದು ಬ್ರಾಡ್‌ಫೀಲ್ಡಿನಿಂದ. ಇಂಗ್ಲೆಂಡಿನಲ್ಲಿ ಕೊಡಲಿಯ ಕಾವಿಗೂ ಆಶ್ ಮರವೇ ಸಲ್ಲುತ್ತಿತ್ತು. ‘ಕೊಡಲಿ ಕಾವು ಕುಲಕ್ಕೆ ಸಾವು’ ಎಂದು ಕನ್ನಡದ ಗಾದೆ. ಬ್ರಾಡ್‌ಫೀಲ್ಡಿನಲ್ಲಿ ಆ ಗಾದೆ ತಿರುವುಮುರುವಾಯಿತು. ಕಾವಿನ ಬೇಡಿಕೆ ಇರುವವರೆಗೆ ಕಾಡಿಗೆ ಬೆಲೆಯಿತ್ತು. ಬೆಲೆಯಿರುವವರೆಗೆ ಅದನ್ನು ಬೇರುಸಹಿತ ಕೀಳುವ ಯೋಚನೆ ಯಾರಿಗೂ ಬರಲಿಲ್ಲ.

ಆ ಯೋಚನೆ ಬಂದುದು ಎರಡನೆಯ ಮಹಾಯುದ್ಧದ ಅನಂತರ. ಆಹಾರದ ಅಭಾವವನ್ನು ಕಂಡಿದ್ದ ದೇಶ ಪ್ರತಿಯೊಂದು ಎಕರೆಯನ್ನೂ ಉಳಬೇಕೆಂದು ಹೊರಟಿತು. ಕಲ್ಲಿದ್ದಲು, ತಂತಿ, ಪ್ಲಾಸ್ಟಿಕ್ಕುಗಳು ಬಂದು ಗಳು ಸೌದೆಗಳನ್ನು ಕೇಳುವವರಿಲ್ಲವಾದರು. ಕೊಡಲಿಯ ಜಾಗಕ್ಕೆ ಬುಲ್ಡೋಜರ್ ಬಂದಿತು. ಕೊಡಲಿ ಬೇರನ್ನು ಬಿಡುತ್ತದೆ, ಬುಲ್ಡೋಜರ್ ಬಿಡುವುದಿಲ್ಲ. 1960ರ ದಶಕದಲ್ಲಿ ಮಂಕ್ಸ್ ಪಾರ್ಕಿನ ಬಹುಭಾಗ ಹೀಗೆ ಹೊಲವಾಯಿತು. ಏಳು ಶತಮಾನಗಳ ಕಡಿತದಿಂದ ಅಳಿಯದ ಕಾಡು ಕೆಲವೇ ವರ್ಷಗಳಲ್ಲಿ ಅಳಿವಿನ ಅಂಚಿಗೆ ಬಂದುನಿಂತಿತು. ಊರಿನವರೂ ನಿಸರ್ಗಪ್ರಿಯರೂ ಎಚ್ಚೆತ್ತರು. 1970ರಲ್ಲಿ ಉಳಿದ ಭಾಗವನ್ನು ನಿಸರ್ಗ ಸಂರಕ್ಷಣೆಯ ಸಂಸ್ಥೆಯೊಂದು ಕೊಂಡುಕೊಂಡಿತು. ಇಂದು ಸಫೋಕ್ ವನ್ಯಜೀವಿ ಟ್ರಸ್ಟ್ ಅದನ್ನು ನೋಡಿಕೊಳ್ಳುತ್ತಿದ್ದು, ಅದು ರಾಷ್ಟ್ರೀಯ ನಿಸರ್ಗಧಾಮವೆನಿಸಿದೆ. ಕೊಂಡವರು ಬೇಲಿ ಹಾಕಿ ಸುಮ್ಮನಿರಲಿಲ್ಲ. ಹಳೆಯ ಸರದಿಯನ್ನು ಮುಂದುವರಿಸಿ ಕಡಿಯುತ್ತಲೇ ಬಂದರು.

ಈಗ ಆ ಕಾಡಿಗೆ ಮತ್ತೊಂದು ಕಂಟಕ ಒದಗಿದೆ. ಪೂರ್ವ ಏಷ್ಯದಿಂದ ಯೂರೋಪಿಗೆ ಬಂದ ಒಂದು ಬೂಷ್ಟು ಆಶ್ ಮರಗಳನ್ನು ಕೊಲ್ಲುತ್ತಿದೆ. 1992ರಲ್ಲಿ ಪೋಲೆಂಡಿನಲ್ಲಿ ಮೊದಲು ಕಣ್ಣಿಗೆ ಬಿದ್ದ ಈ ರೋಗ 2012ರಲ್ಲಿ ಇಂಗ್ಲೆಂಡಿನಲ್ಲಿ ಪತ್ತೆಯಾಯಿತು. ಅದರ ಬೀಜಕಣಗಳು ಗಾಳಿಯಲ್ಲಿ ತೇಲಿಬರುತ್ತವೆ. ಎಲೆ ಕರಗಿ, ತುದಿ ಒಣಗಿ, ಮರ ಮೇಲಿನಿಂದ ಕೆಳಕ್ಕೆ ಸಾಯುತ್ತದೆ. ಕಡಿದ ಮೋಟಿನ ಎಳೆಯ ಚಿಗುರಿಗೆ ರೋಗದ ಹಾವಳಿ ಇನ್ನೂ ಹೆಚ್ಚು. ಸಾವಿರ ವರ್ಷ ಕಡಿತವನ್ನು ಸಹಿಸಿದ ಮರಕ್ಕೆ ಕೊಡಲಿ ಈಗ ಮೊದಲಿನಂತೆ ಮಿತ್ರನಾಗಿ ಉಳಿದಿಲ್ಲ. ಹೆಚ್ಚಿದ ಜಿಂಕೆಗಳೂ ಚಿಗುರನ್ನು ಮೇಯುತ್ತವೆ. ಕಡಿದ ತುಂಡಿನ ಸುತ್ತ ಬೇಲಿ ಕಟ್ಟದೆ ವಿಧಿಯಿಲ್ಲ.

ಆದರೂ ನೂರರಲ್ಲಿ ಕೆಲವು ಆಶ್ ಮರಗಳು ರೋಗವನ್ನು ತಾಳಿಕೊಂಡು ಹಸಿರಾಗಿಯೇ ನಿಲ್ಲುತ್ತವೆ. ಅವುಗಳ ಬೀಜದಿಂದ ಮುಂದಿನ ಪೀಳಿಗೆ ಬರಬಹುದೆಂಬ ಆಶೆ ಇದೆ. ಹೇಜಲ್, ಆಲ್ಡರ್, ಬರ್ಚ್‌ಗಳು ಎಂದಿನಂತೆ ಚಿಗುರುತ್ತಿವೆ.

ಚಳಿಗಾಲದ ಬೆಳಗಿನಲ್ಲಿ ಬ್ರಾಡ್‌ಫೀಲ್ಡಿಗೆ ಹೋದವರಿಗೆ ಮರ ಕಡಿಯುವ ಸದ್ದು ದೂರದಿಂದಲೇ ಕೇಳಿಸುತ್ತದೆ. ಸಂಸ್ಥೆಯ ನೌಕರರ ಜೊತೆಗೆ ಸುತ್ತಲಿನ ಊರುಗಳಿಂದ ಬಂದ ಸ್ವಯಂಸೇವಕರೂ ಅಲ್ಲಿ ಕೆಲಸ ಮಾಡುತ್ತಾರೆ. ಅವರಲ್ಲಿ ನರೆಗೂದಲಿನವರಿಗೆ ತಾವು ಇಂದು ಕಡಿಯುವ ಮೋಟಿನ ಮುಂದಿನ ಸರದಿಯನ್ನು ಕಾಣುವ ಭಾಗ್ಯ ಇರಲಾರದು. ಇಪ್ಪತ್ತೈದು ವರ್ಷಗಳ ಬಳಿಕ ಅಲ್ಲಿ ಗಳು ಕಡಿಯುವವರು ಬೇರೆ ಯಾರೋ. ಅಷ್ಟನ್ನು ತಿಳಿದೂ, ಮಳೆಯ ನೀರು ಒಳಗಿಳಿಯದೆ ಹರಿದುಹೋಗುವಂತೆ ಮೋಟಿನ ಮೇಲ್ಮೈಯನ್ನು ಓರೆಯಾಗಿ ಕಡಿದು ನಯಗೊಳಿಸಿ, ಅವರು ಪಕ್ಕದ ಮೋಟಿಗೆ ಹೋಗುತ್ತಾರೆ.